ಮಾದರಿ ಉತ್ತರ ತೆರೆಯುವ ಮುಂಚೆ ನಿಮ್ಮದೊಂದು ಬರೆದಿಟ್ಟಿರಿ

(ದಾವಣಗೆರೆಯಲ್ಲಿ ಬಿ.ಇಡಿ. ಎರಡನೇ ವರ್ಷದವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಅವತ್ತು ಹೊತ್ತಾಯಿತು ಅಂತ ಬಿಟ್ಟುಬಿಟ್ಟ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇನ್ನೊಂದು ವಾರಕ್ಕೆ ನೀವೆಲ್ಲ ಇಂಟರ್ನ್‌ಶಿಪ್‌ಗೆ ಹೊರಡುತ್ತೀರಿ. ಕೆಲವರು ಜಗಳೂರು ಕಡೆ, ಕೆಲವರು ಹರಿಹರ, ಕೆಲವರಿಗೆ ಇಲ್ಲೇ ಊರೊಳಗಿನ ಶಾಲೆ. ಈಗ ಒಳಗೆ ಬರುವಾಗ ನೋಡಿದೆ, ಮೂರು ಜನ ಮೆಟ್ಟಿಲ ಮೇಲೆ ಕೂತು ಸೀನಿಯರ್ ಒಬ್ಬರು ಪಾಠ ಯೋಜನೆಗಳನ್ನು ಬರೆದಿಟ್ಟ ರೆಕಾರ್ಡ್ ಪುಸ್ತಕದ ಪುಟಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು. ಗಾಬರಿ ಬೇಡ. ನಾನೂ ಅದನ್ನೇ ಮಾಡಿದವಳು. ಅದರಿಂದ ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಆ ಫೋಟೋಗಳನ್ನು ಏನು ಮಾಡಬಹುದು ಅಂತ ಮಾತಾಡೋಣ.

ನಾನು ಓದುವಾಗ ಬಿ.ಇಡಿ. ಒಂದೇ ವರ್ಷ. ಪ್ರಾಕ್ಟೀಸ್ ಟೀಚಿಂಗ್‌ಗೆ ನನಗೆ ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಎಂಟನೇ ತರಗತಿ, ವಿಜ್ಞಾನ, ಬೆಳೆಗೆ ನೀರು ಕೊಡುವ ವಿಧಾನಗಳ ಪಾಠ. ನನ್ನ ಹತ್ತಿರ ಹಿಂದಿನ ವರ್ಷದ ಅಕ್ಕ ಒಬ್ಬರ ರೆಕಾರ್ಡ್ ಇತ್ತು. ಒಳ್ಳೆ ಅಂಕ ಬಂದಿದ್ದ ರೆಕಾರ್ಡ್, ಮುತ್ತು ಪೋಣಿಸಿದ ಹಾಗೆ ಅಕ್ಷರ. ಪಾಠ ಯೋಜನೆಯನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡೆ. ಪೂರ್ವಜ್ಞಾನ ತಿಳಿಯೋಕೆ ಅಂತ ಅದರಲ್ಲಿದ್ದ ಮೊದಲ ಪ್ರಶ್ನೆ, ‘ನಿಮ್ಮ ಊರಿನ ಚಾನಲ್‌ಗೆ ನೀರು ಯಾವಾಗ ಬಿಡುತ್ತಾರೆ?’ ಆ ಅಕ್ಕ ಪಾಠ ಮಾಡಿದ್ದು ಭದ್ರಾ ನಾಲೆಯ ನೀರು ಹರಿಯುವ ಊರಲ್ಲಿ. ಅಲ್ಲಿ ಸುತ್ತ ಭತ್ತದ ಗದ್ದೆ, ಯಾವ ಮಗುವನ್ನು ಎಬ್ಬಿಸಿ ಕೇಳಿದರೂ ಉತ್ತರ ಬರುತ್ತಿತ್ತು. ನಾನು ಅದೇ ಪ್ರಶ್ನೆಯನ್ನು ಜಗಳೂರಿನ ಮಕ್ಕಳಿಗೆ ಕೇಳಿದೆ. ಇಡೀ ತರಗತಿ ಸುಮ್ಮನಾಯಿತು. ಎರಡನೇ ಸಲ ಕೇಳಿದೆ. ಆಗ ಮುಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತು, ‘ನಮ್ಮೂರಾಗೆ ಚಾನಲ್ ಇಲ್ಲ ಮಿಸ್. ಬೋರು ಬತ್ತೈತಿ. ಟ್ಯಾಂಕರ್ ಬರ್ತೈತಿ’ ಅಂದಳು.

ನಾನು ‘ಸರಿ, ಕೂತ್ಕೋ’ ಅಂದು ಮುಂದಿನ ಪ್ರಶ್ನೆಗೆ ಹೋದೆ. ಯಾಕೆಂದರೆ ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಆ ಉತ್ತರ ಇರಲಿಲ್ಲ.

ಪಾಠ ಮುಗಿದ ಮೇಲೆ ಅಲ್ಲಿನ ಮಾರ್ಗದರ್ಶಿ ಶಿಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರು. ‘ಆ ಹುಡುಗಿ ನಿನ್ನ ಪಾಠ ಶುರು ಮಾಡಿಕೊಟ್ಟಿದ್ದಳು ಕಣಮ್ಮಾ, ನೀನು ತಗೊಳ್ಳಲಿಲ್ಲ.’ ಹೌದಲ್ವಾ? ನೀರೇ ಕಡಿಮೆ ಇರುವ ಊರಲ್ಲಿ, ಟ್ಯಾಂಕರ್ ನೀರು ಎಷ್ಟು ದಿನ ಬರುತ್ತದೆ, ಅದನ್ನು ಹೊಲಕ್ಕೆ ಹಾಯಿಸೋಕೆ ಆಗುತ್ತದಾ, ಹಾಗಾದರೆ ಗಿಡದ ಬುಡಕ್ಕೆ ಮಾತ್ರ ಹನಿಹನಿಯಾಗಿ ಕೊಟ್ಟರೆ ಹೇಗೆ ಅಂತ ಆ ಮಕ್ಕಳ ಬಾಯಿಂದಲೇ ಹನಿ ನೀರಾವರಿಯ ಪಾಠ ಬರಬಹುದಿತ್ತು. ಇನ್ನೂ ಬೇಸರದ ವಿಷಯ ಅಂದರೆ ನನ್ನ ರೆಕಾರ್ಡ್‌ನಲ್ಲಿ ‘ಮಕ್ಕಳು ಪೂರ್ವಜ್ಞಾನದ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರು’ ಅಂತ ಹಿಂದಿನ ರಾತ್ರಿಯೇ ಬರೆದಾಗಿತ್ತು.

ಇಷ್ಟು ವರ್ಷ ಆಯಿತು, ಆ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ.

ಹಾಗಂತ ಮಾದರಿ ನೋಡಲೇಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಮಾದರಿ ಬೇಕು. ಅಡುಗೆ ಕಲಿಯುವವರು ಒಮ್ಮೆಯಾದರೂ ಒಳ್ಳೆ ಅಡುಗೆ ಉಂಡಿರಬೇಕು. ನನ್ನ ತಕರಾರು ಇರುವುದು ಯಾವಾಗ ನೋಡುತ್ತೀರಿ, ಅದರಲ್ಲಿ ಏನನ್ನು ಹುಡುಕುತ್ತೀರಿ ಅನ್ನೋದರ ಬಗ್ಗೆ.

ನಮ್ಮ ತೊಂದರೆ ಎಲ್ಲಿಂದ ಶುರುವಾಗುತ್ತದೆ ಗೊತ್ತಾ? ನಾವು ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುವ ರೀತಿಯಲ್ಲೇ ಪಾಠದ ಮೌಲ್ಯಮಾಪನಕ್ಕೂ ಓದುತ್ತೇವೆ. ಟಿಇಟಿಯಲ್ಲಿ 150 ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ, ಸರಿ ಉತ್ತರ ಒಂದೇ. ಅಲ್ಲಿ ಹಳೆ ಪ್ರಶ್ನೆಪತ್ರಿಕೆ ಎಷ್ಟು ಬಿಡಿಸಿದರೆ ಅಷ್ಟು ಒಳ್ಳೆಯದು. ಆದರೆ ನಿಮ್ಮ ಪಾಠವನ್ನು, ಪಾಠ ಯೋಜನೆಯನ್ನು, ಆಮೇಲೆ ನೀವು ಬರೆಯುವ ಅವಲೋಕನವನ್ನು ನೋಡಿ ಅಳೆಯುವ ಮೌಲ್ಯಮಾಪನದಲ್ಲಿ ಸರಿ ಉತ್ತರ ಬೇರೆಯವರ ಪುಸ್ತಕದಲ್ಲಿ ಇರೋಕೆ ಸಾಧ್ಯವೇ ಇಲ್ಲ. ಅದು ನಿಮ್ಮ ತರಗತಿಯಲ್ಲಿದೆ. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ಬಿ.ಇಡಿ. ಎರಡು ವರ್ಷ ಆಯಿತು, ಶಾಲೆಯಲ್ಲಿ ಕಳೆಯುವ ಸಮಯ ಒಟ್ಟು 20 ವಾರ ಆಯಿತು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ಇಷ್ಟು ದಿನ ಕೊಟ್ಟಿದ್ದು ನೀವು ಒಂದು ತರಗತಿಯನ್ನು ಹತ್ತಿರದಿಂದ ನೋಡಲಿ ಅಂತ. ಮೊದಲ ವಾರವೇ ಸೀನಿಯರ್ ರೆಕಾರ್ಡ್ ಇಳಿಸಿಕೊಂಡು ಕೂತರೆ ಉಳಿದ ವಾರಗಳಲ್ಲಿ ನೋಡೋದು ಏನಿದೆ?

ಈಗ ಇನ್ನೊಂದು ಕಡೆಯ ವಿಷಯ ಹೇಳುತ್ತೇನೆ, ನನ್ನ ಕಣ್ಣು ತೆರೆಸಿದ್ದು ಅದೇ. ನನ್ನ ಹಳೆ ವಿದ್ಯಾರ್ಥಿನಿ ಒಬ್ಬಳು, ಇಲ್ಲೇ ಓದಿದವಳು, ಮದುವೆಯಾಗಿ ಅಮೆರಿಕಕ್ಕೆ ಹೋದಳು. ಅಲ್ಲಿ ಮತ್ತೆ ಶಿಕ್ಷಕಿಯಾಗಬೇಕು ಅಂತ ತರಬೇತಿಗೆ ಸೇರಿದಳು. ಅಲ್ಲಿ ಬಹಳ ರಾಜ್ಯಗಳಲ್ಲಿ ಶಿಕ್ಷಕರ ಲೈಸೆನ್ಸ್‌ಗೆ ಮುಂಚೆ ಪಾಠ ಮಾಡಿ ತೋರಿಸುವ, ಅದರ ಬಗ್ಗೆ ಪುಟಗಟ್ಟಲೆ ಬರೆಯುವ ಮೌಲ್ಯಮಾಪನ ಇಟ್ಟಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಎಡ್‌ಟಿಪಿಎ ಅಂತ ಒಂದು. ಕ್ಯಾಲಿಫೋರ್ನಿಯಾದವರದ್ದು ಕ್ಯಾಲ್‌ಟಿಪಿಎ. ಪರೀಕ್ಷೆಗಳನ್ನು ನಡೆಸುವ ಇಟಿಎಸ್ ಸಂಸ್ಥೆಯ ಪಿಪ್ಯಾಟ್ ಇನ್ನೊಂದು. ಇದರ ಬಗ್ಗೆ ಅಲ್ಲೂ ಜಗಳ ಇದೆ, ನ್ಯೂಯಾರ್ಕ್ ರಾಜ್ಯ 2022ರಲ್ಲಿ ಎಡ್‌ಟಿಪಿಎ ಕಡ್ಡಾಯ ಅನ್ನೋದನ್ನು ತೆಗೆದುಹಾಕಿತು. ಅದು ಬೇರೆ ಚರ್ಚೆ. ನನ್ನ ಹುಡುಗಿ ಬರೆಯಬೇಕಾಗಿದ್ದು ಪಿಪ್ಯಾಟ್.

ಅವಳು ಒಂದು ಬೆಳಿಗ್ಗೆ ಫೋನ್ ಮಾಡಿದಳು. ‘ಮೇಡಂ, ಇವರೇ ಮಾದರಿ ಉತ್ತರ ಕೊಟ್ಟಿದ್ದಾರೆ, ಎಷ್ಟು ಓದಿದರೂ ನನ್ನದು ಬರೆಯೋಕೆ ಕೈ ಬರ್ತಿಲ್ಲ. ಓದಿದ ಮೇಲೆ ನನ್ನ ತಲೆಯಲ್ಲಿ ಅವರ ವಾಕ್ಯವೇ ಓಡುತ್ತೆ’ ಅಂದಳು. ನನಗೆ ತಟ್ಟನೆ ಆ ಚಾನಲ್ ಪ್ರಶ್ನೆ ನೆನಪಾಯಿತು. ಅವಳ ಜೊತೆ ಕೂತು, ಅಂದರೆ ವಿಡಿಯೋ ಕಾಲ್‌ನಲ್ಲಿ ಕೂತು, ಆ ಪಿಪ್ಯಾಟ್ ಏನು ಅಂತ ನಾನೂ ಓದಿದೆ.

ಅದರಲ್ಲಿ ನಾಲ್ಕು ಕೆಲಸ. ಮೊದಲನೆಯದು ನಿಮ್ಮ ಮಕ್ಕಳನ್ನೂ ಶಾಲೆಯನ್ನೂ ಊರನ್ನೂ ತಿಳಿದುಕೊಳ್ಳುವುದು, ಅದಕ್ಕೆ ಅವರವರ ಕಾಲೇಜಿನವರೇ ಅಂಕ ಹಾಕುತ್ತಾರೆ. ಎರಡನೆಯದು ಒಂದು ಪರೀಕ್ಷೆ ರೂಪಿಸಿ ಮಕ್ಕಳ ಕಲಿಕೆ ಅಳೆಯುವುದು. ಮೂರನೆಯದು ಪಾಠ ಯೋಜನೆ. ನಾಲ್ಕನೆಯದು ಪಾಠ ಮಾಡಿ 15 ನಿಮಿಷದ ವಿಡಿಯೋ ಕೊಟ್ಟು ಅದನ್ನು ವಿಶ್ಲೇಷಿಸುವುದು. ಕೊನೆಯ ಮೂರನ್ನು ಹೊರಗಿನವರು ನೋಡುತ್ತಾರೆ, ಒಟ್ಟು 60 ಅಂಕ. ಅದರಲ್ಲಿ 32 ನಾಲ್ಕನೆಯ ಕೆಲಸಕ್ಕೇ ಹೋಗುತ್ತದೆ. ಅಂದರೆ ಬರೆದ ಯೋಜನೆಗಿಂತ ಮಾಡಿದ ಪಾಠಕ್ಕೆ, ಮಾಡಿದ ಮೇಲೆ ಏನು ಕಂಡುಕೊಂಡಿರಿ ಅನ್ನೋದಕ್ಕೆ ತೂಕ ಜಾಸ್ತಿ. ನನಗೆ ಅದರಲ್ಲಿ ತುಂಬಾ ಇಷ್ಟವಾದ ಒಂದು ವಿಷಯ ಇದೆ. ತರಗತಿಯ ಇಬ್ಬರು ಮಕ್ಕಳನ್ನು ಆರಿಸಿಕೊಂಡು, ಇಬ್ಬರ ಕಲಿಕೆಯ ಅಗತ್ಯವೂ ಬೇರೆ ಬೇರೆ ಇರಬೇಕು, ಅವರನ್ನು ಬೆನ್ನುಹತ್ತಿ ನೋಡಬೇಕು. ಪರೀಕ್ಷೆಯನ್ನು ಅವರಿಗಾಗಿ ಹೇಗೆ ಬದಲಿಸಿದಿರಿ, ಪಾಠವನ್ನು ಹೇಗೆ ಬದಲಿಸಿದಿರಿ, ಅವರು ಬರೆದ ಹಾಳೆ ಏನು ಹೇಳುತ್ತದೆ ಅಂತ ತೋರಿಸಬೇಕು. ಹೆಸರು ಬರೆಯುವಂತಿಲ್ಲ.

ಇಟಿಎಸ್‌ನವರು ಕೊಟ್ಟಿರುವ ಮಾದರಿಗಳಲ್ಲಿ ಒಂದು ವಿಶೇಷ ಇದೆ. ಒಂದೊಂದು ಪ್ರಶ್ನೆಗೂ ಎರಡು ಉತ್ತರ ಇಟ್ಟಿದ್ದಾರೆ, ಒಂದು ಮಟ್ಟ ಮುಟ್ಟಿದ್ದು, ಇನ್ನೊಂದು ಮುಟ್ಟದೇ ಇದ್ದದ್ದು. ಅಷ್ಟೇ ಅಲ್ಲ, ಮೊದಲು ನಿಮ್ಮ ಕರಡು ಬರೆದುಕೊಳ್ಳಿ, ಆಮೇಲೆ ಈ ಎರಡರಲ್ಲಿ ನಿಮ್ಮದು ಯಾವುದಕ್ಕೆ ಹತ್ತಿರ ಇದೆ ಅಂತ ನೋಡಿ ಅನ್ನೋದು ಅವರದೇ ಸಲಹೆ. ನನ್ನ ಹುಡುಗಿ ಆ ಸಲಹೆಯನ್ನು ದಾಟಿ ನೇರ ಉತ್ತರಕ್ಕೆ ಹೋಗಿದ್ದಳು. ನಾವೆಲ್ಲ ಹೋಗುವುದೇ ಹಾಗೆ. ಜೊತೆಗೆ, ಕಳಿಸಿದ ಉತ್ತರಗಳನ್ನು ಬೇರೆ ಬರಹಗಳ ಜೊತೆ ಹೋಲಿಸಿ ನಕಲು ಹಿಡಿಯುವ ಸಾಫ್ಟ್‌ವೇರ್ ಕೂಡ ಅವರ ಹತ್ತಿರ ಇದೆ. ಆದರೆ ಸಿಕ್ಕಿಬೀಳುವ ಭಯಕ್ಕೆ ನಕಲು ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಸೀನಿಯರ್ ರೆಕಾರ್ಡ್ ಹಿಡಿಯುವ ಸಾಫ್ಟ್‌ವೇರ್ ಇಲ್ಲಿ ಯಾರೂ ಇಟ್ಟಿಲ್ಲ, ಅದು ನಿಮಗೂ ಗೊತ್ತು. ನಕಲು ಮಾಡಿದವರ ಕಣ್ಣಿಗೆ ಎದುರಿಗಿರುವ ಮಗು ಕಾಣೋದಿಲ್ಲ. ನನಗೆ ಕಾಣಲಿಲ್ಲ. ಕಾರಣ ಅಷ್ಟೇ.

ಸುಮ್ನೆ ಮಾತಲ್ಲಿ ಹೇಳಿದರೆ ಆಗಲ್ಲ, ಎರಡು ಉತ್ತರ ಪಕ್ಕಪಕ್ಕ ಇಟ್ಟು ನೋಡೋಣ. ಇವೆರಡೂ ನಾನೇ ಬರೆದದ್ದು, ಯಾರದ್ದೂ ಅಲ್ಲ. ಆರನೇ ತರಗತಿ, ಭಿನ್ನರಾಶಿಗಳ ಸಂಕಲನ. ಪ್ರಶ್ನೆ ಹೀಗಿದೆ ಅಂದುಕೊಳ್ಳಿ: ಮಕ್ಕಳು ಏನು ಕಲಿತರು, ಅದಕ್ಕೆ ಆಧಾರ ಏನು, ಇದರಿಂದ ನಿಮ್ಮ ಮುಂದಿನ ಪಾಠ ಹೇಗೆ ಬದಲಾಗುತ್ತದೆ?

ಮೊದಲ ಉತ್ತರ: ‘ಪಾಠವು ಯಶಸ್ವಿಯಾಗಿ ನಡೆಯಿತು. ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು. ಹೆಚ್ಚಿನ ಮಕ್ಕಳು ಸರಿಯಾಗಿ ಉತ್ತರಿಸಿದರು. ಕೆಲವು ಮಕ್ಕಳಿಗೆ ಇನ್ನೂ ಅಭ್ಯಾಸದ ಅಗತ್ಯವಿದೆ. ಮುಂದಿನ ಪಾಠದಲ್ಲಿ ಹೆಚ್ಚಿನ ಬೋಧನೋಪಕರಣಗಳನ್ನು ಬಳಸುತ್ತೇನೆ.’

ಎರಡನೆಯದು: ‘ಕೊನೆಯಲ್ಲಿ 4 ಲೆಕ್ಕ ಕೊಟ್ಟೆ. ಛೇದ ಒಂದೇ ಇದ್ದ 2 ಲೆಕ್ಕಗಳನ್ನು 30 ಮಕ್ಕಳಲ್ಲಿ 27 ಮಂದಿ ಸರಿ ಮಾಡಿದರು. ಛೇದ ಬೇರೆ ಇದ್ದ ಲೆಕ್ಕದಲ್ಲಿ 12 ಮಂದಿ 1/2 + 1/3 = 2/5 ಎಂದು ಬರೆದರು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾರೆ. ನಾನು ಮೊದಲ 20 ನಿಮಿಷ ಒಂದೇ ಛೇದದ ಲೆಕ್ಕಗಳನ್ನೇ ಮಾಡಿಸುತ್ತಾ, ಛೇದ ಯಾಕೆ ಹಾಗೇ ಉಳಿಯುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಅವರು ಒಂದು ಭಿನ್ನರಾಶಿಯನ್ನು ಎರಡು ಬೇರೆ ಸಂಖ್ಯೆಗಳಂತೆ ನೋಡಲು ಇದು ಕಾರಣ ಇರಬಹುದು. ನಾಳೆ ಲಸಾಅ ಹೇಳುವ ಮುಂಚೆ ಒಂದೇ ಅಳತೆಯ ಎರಡು ಪೇಪರ್ ಪಟ್ಟಿ ಕೊಟ್ಟು, ಒಂದರಲ್ಲಿ ಅರ್ಧಕ್ಕೂ ಇನ್ನೊಂದರಲ್ಲಿ 2/5ಕ್ಕೂ ಬಣ್ಣ ಹಚ್ಚಿಸುತ್ತೇನೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಸಾಧ್ಯವೇ ಎಂದು ಕೇಳುತ್ತೇನೆ.’

ಈಗ ಹೇಳಿ. ಮೊದಲ ಉತ್ತರದಲ್ಲಿ ಸುಳ್ಳು ಏನಾದರೂ ಇದೆಯಾ? ಇಲ್ಲ. ಅದೇ ಅದರ ತೊಂದರೆ. ಅದು ಯಾವ ಊರಿನ, ಯಾವ ಶಾಲೆಯ, ಯಾವ ಪಾಠಕ್ಕೆ ಬೇಕಾದರೂ ಅಂಟುತ್ತದೆ. ಭಿನ್ನರಾಶಿ ತೆಗೆದು ಅಲ್ಲಿ ಸಂಧಿ ಪ್ರಕರಣ ಇಟ್ಟರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಎರಡನೆಯದನ್ನು ಎತ್ತಿ ಬೇರೆ ಕಡೆ ಇಡೋಕೆ ಆಗಲ್ಲ. ಆ 12 ಮಕ್ಕಳನ್ನು ಬಿಟ್ಟು ಅದು ಬದುಕಲ್ಲ. ನಿಮ್ಮ ಕರಡನ್ನು ಹೀಗೆ ಪರೀಕ್ಷಿಸಿ: ಮೇಲಿನ ತರಗತಿ, ವಿಷಯ, ಶಾಲೆಯ ಹೆಸರು ಕೈಯಿಂದ ಮುಚ್ಚಿ, ಪಕ್ಕದವರಿಗೆ ಓದೋಕೆ ಕೊಡಿ. ಅದು ಯಾವ ಪಾಠ ಅಂತ ಅವರಿಗೆ ಗೊತ್ತಾಗದಿದ್ದರೆ ಮತ್ತೆ ಬರೆಯಿರಿ.

ಎರಡನೆಯ ಉತ್ತರದಲ್ಲಿ ಇನ್ನೊಂದು ವಿಷಯ ಗಮನಿಸಿ. ಅದು ಪಾಠ ಗೆದ್ದಿತು ಅಂತ ಹೇಳುತ್ತಿಲ್ಲ. 30ರಲ್ಲಿ 12 ಮಂದಿ ತಪ್ಪು ಮಾಡಿದ್ದಾರೆ. ಆದರೂ ಅದು ಒಳ್ಳೆ ಉತ್ತರ, ಯಾಕೆಂದರೆ ತಪ್ಪು ಎಂಥದ್ದು ಅಂತ ಶಿಕ್ಷಕಿಗೆ ಕಂಡಿದೆ, ತನ್ನ ಕಡೆಯಿಂದ ಏನು ಉಳಿದುಹೋಯಿತು ಅಂತ ಕಂಡಿದೆ, ನಾಳೆ ಮಾಡುವ ಕೆಲಸ ಆ ತಪ್ಪಿಗೇ ಹೋಗಿ ತಾಗುತ್ತದೆ. ‘ಹೆಚ್ಚಿನ ಬೋಧನೋಪಕರಣ’ ಅನ್ನೋದು ಯಾವ ತಪ್ಪಿಗೂ ತಾಗಲ್ಲ.

ಪಿಪ್ಯಾಟ್ ಕೈಪಿಡಿಯಲ್ಲಿ ಮೂರು ಬಗೆಯ ಬರವಣಿಗೆ ಅಂತ ಹೇಳುತ್ತಾರೆ. ವಿವರಣೆ, ವಿಶ್ಲೇಷಣೆ, ಪ್ರತಿಫಲನ. ಇದನ್ನು ನನ್ನ ಮಾತಲ್ಲಿ ಹೇಳೋದಾದರೆ, ಏನಾಯಿತು, ಯಾಕೆ ಹಾಗಾಯಿತು, ಇನ್ನೊಮ್ಮೆ ಆದರೆ ಏನು ಮಾಡುತ್ತೇನೆ. ಇದಕ್ಕೆ ನಾನು ಹುಡುಗರಿಂದ ಒಂದು ಕೆಲಸ ಮಾಡಿಸುತ್ತೇನೆ, ನೀವೂ ಮಾಡಿ, ಖರ್ಚು ಏನಿಲ್ಲ. ಮೂರು ಬಣ್ಣದ ಪೆನ್ಸಿಲ್ ತಗೊಳ್ಳಿ. ಮಾದರಿ ಉತ್ತರದ ಒಂದು ಜೆರಾಕ್ಸ್ ಇಟ್ಟುಕೊಂಡು, ‘ಏನಾಯಿತು’ ಅನ್ನುವ ವಾಕ್ಯಗಳಿಗೆ ನೀಲಿ ಗೆರೆ, ‘ಯಾಕೆ’ ಅನ್ನುವುದಕ್ಕೆ ಕೆಂಪು, ‘ಮುಂದೇನು’ ಅನ್ನುವುದಕ್ಕೆ ಹಸಿರು ಎಳೆಯಿರಿ. ಒಳ್ಳೆ ಉತ್ತರದಲ್ಲಿ ಮೂರೂ ಬಣ್ಣ ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತವೆ. ಆಮೇಲೆ ನಿಮ್ಮ ಕರಡಿಗೂ ಹಾಗೇ ಗೆರೆ ಎಳೆಯಿರಿ. ನಮ್ಮವರ ರೆಕಾರ್ಡ್‌ಗಳಿಗೆ ಗೆರೆ ಎಳೆಸಿದಾಗ ನಾನು ಕಂಡಿದ್ದು ಹೆಚ್ಚಾಗಿ ಇದು: ಪುಟದ ತುಂಬಾ ನೀಲಿ, ಕೊನೆಯಲ್ಲಿ ಒಂದೇ ಒಂದು ಸಾಲು ಹಸಿರು. ಕೆಂಪು ಎಲ್ಲೂ ಇಲ್ಲ. ಯಾಕೆ ಅನ್ನೋದು ಬರೆಯೋಕೆ ಕಷ್ಟ, ಅದಕ್ಕೆ ಮಗುವಿನ ನೋಟ್‌ಬುಕ್ ತೆರೆದು ನೋಡಬೇಕು. ತಪ್ಪು ಉತ್ತರದ ಮೇಲೆ ಅಡ್ಡಗೆರೆ ಹಾಕಿ ಮುಂದೆ ಹೋದರೆ ಕೆಂಪು ಗೆರೆಗೆ ಸರಕು ಸಿಗಲ್ಲ.

ಹಾಗೇ, ಪ್ರಶ್ನೆಯ ಕೊನೆಯ ತನಕ ಓದಿ. ಇಂಥ ಮೌಲ್ಯಮಾಪನದ ಪ್ರಶ್ನೆಗಳಿಗೆ ಒಂದು ಬಾಲ ಇರುತ್ತದೆ, ‘ಯಾವ ಚಟುವಟಿಕೆ ಆರಿಸಿಕೊಂಡಿರಿ’ ಅಂತ ಕೇಳಿ, ‘ಅದನ್ನೇ ಯಾಕೆ’ ಅಂತ ಮುಗಿಸುತ್ತಾರೆ. ನಾವು ಮೊದಲರ್ಧಕ್ಕೆ ಒಂದು ಪುಟ ಬರೆದು ಬಾಲ ಮರೆತುಬಿಡುತ್ತೇವೆ. ಅಂಕ ಹೋಗುವುದು ಅಲ್ಲೇ.

ಮಟ್ಟ ಮುಟ್ಟದ ಮಾದರಿಯನ್ನು ಯಾರೂ ಓದುವುದೇ ಇಲ್ಲ, ಇದು ನನಗೆ ಬಹಳ ಬೇಸರ. ಒಳ್ಳೆಯದು ಒಂದೇ ಓದಿದರೆ ‘ಹೂಂ, ಚೆನ್ನಾಗಿದೆ’ ಅನಿಸುತ್ತದೆ, ಯಾಕೆ ಚೆನ್ನಾಗಿದೆ ಅಂತ ಗೊತ್ತಾಗಲ್ಲ. ಎರಡನ್ನೂ ಅಂಕ ಮುಚ್ಚಿಕೊಂಡು ಓದಿ, ಇಬ್ಬರು ಕೂತು ನೀವೇ ಅಂಕ ಹಾಕಿ. ಪಿಪ್ಯಾಟ್‌ನಲ್ಲಿ 1ರಿಂದ 4 ಮೆಟ್ಟಿಲು. ನಮ್ಮಲ್ಲಿ ಎನ್‌ಸಿಇಆರ್‌ಟಿ ಪ್ರಾಥಮಿಕ ಶಿಕ್ಷಕರಿಗೆ ಅಂತ ಮಾಡಿದ ಪಿಂಡಿಕ್ಸ್ ಅನ್ನುವ ಅಳತೆಪಟ್ಟಿಯಲ್ಲೂ ನಾಲ್ಕೇ ಮೆಟ್ಟಿಲು, ಅದರಲ್ಲಿ ಶಿಕ್ಷಕರು ಮೊದಲು ತಮಗೆ ತಾವೇ ಅಂಕ ಹಾಕಿಕೊಳ್ಳಬೇಕು. ನೀವು 3 ಅಂದು ನಿಮ್ಮ ಗೆಳತಿ 2 ಅಂದರೆ ಬಿಡಬೇಡಿ, ಆ ಒಂದು ಅಂಕಕ್ಕೆ ವಾದ ಮಾಡಿ. ‘ಇಲ್ಲಿ ಆಧಾರ ಎಲ್ಲಿದೆ ತೋರಿಸು’ ಅಂತ ಕೇಳಿ. ಹತ್ತು ಮಾದರಿ ಸುಮ್ನೆ ಓದೋದಕ್ಕಿಂತ ಎರಡೇ ಮಾದರಿ ಹಿಡಿದು ಅರ್ಧ ಗಂಟೆ ಜಗಳ ಆಡೋದರಿಂದ ಜಾಸ್ತಿ ಬರುತ್ತದೆ, ಇದು ನನ್ನ ಅನುಭವ. ನನ್ನ ಆ ಅಮೆರಿಕದ ಹುಡುಗಿಗೆ ಅಲ್ಲಿ ಜೊತೆಗಾರರು ಇರಲಿಲ್ಲ. ಅವಳೂ ನಾನೂ ಫೋನಲ್ಲೇ ವಾದ ಮಾಡುತ್ತಿದ್ದೆವು, ಅಲ್ಲಿ ರಾತ್ರಿ, ಇಲ್ಲಿ ಬೆಳಗ್ಗೆ, ನಾನು ಒಲೆ ಮುಂದೆ ನಿಂತುಕೊಂಡೇ.

ಇನ್ನೊಂದು. ನಿಮ್ಮ ವಿಷಯದ ಮಾದರಿ ಹುಡುಕಬೇಡಿ. ಕನ್ನಡ ಬೋಧನಾ ಪದ್ಧತಿಯವರು ಗಣಿತದ್ದು ಓದಿ, ವಿಜ್ಞಾನದವರು ಸಮಾಜದ್ದು ಓದಿ. ಕೇಳೋಕೆ ವಿಚಿತ್ರ ಅನಿಸುತ್ತದೆ, ಆದರೆ ನಾನು ಈಗ ಬೇಕಂತಲೇ ಹಾಗೆ ಕೊಡುತ್ತೇನೆ. ನಿಮ್ಮದೇ ವಿಷಯದ್ದಾದರೆ ಕಣ್ಣು ತಾನಾಗಿ ವಾಕ್ಯದ ಮೇಲೆ, ಚಟುವಟಿಕೆಯ ಮೇಲೆ ಹೋಗುತ್ತದೆ, ಎತ್ತಿಕೊಳ್ಳುವ ಆಸೆ ಬರುತ್ತದೆ. ಬೇರೆ ವಿಷಯದ್ದಾದರೆ ಎತ್ತಿಕೊಳ್ಳೋಕೆ ಏನೂ ಸಿಗಲ್ಲ, ಅದು ಹೇಗೆ ಕಟ್ಟಿದೆ ಅನ್ನೋದಷ್ಟೇ ಕಾಣುತ್ತದೆ. ಭಿನ್ನರಾಶಿಯ ಆ ಉತ್ತರ ಓದಿದ ಒಬ್ಬ ಕನ್ನಡ ವಿದ್ಯಾರ್ಥಿ, ‘ಹಾಗಾದರೆ ನಾನು ಮಕ್ಕಳ ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳನ್ನು ಹೀಗೇ ವಿಂಗಡಿಸಬಹುದು ಅಲ್ವಾ ಮೇಡಂ’ ಅಂತ ಕೇಳಿದ. ಅವನು ಮಕ್ಕಳ ಉಕ್ತಲೇಖನದ ಹಾಳೆಗಳನ್ನು ಹರಡಿಕೊಂಡು ಕೂತ. ಕೆಲವರು ಕೇಳಿಸಿಕೊಳ್ಳುವುದರಲ್ಲೇ ತಪ್ಪುತ್ತಾರೆ, ಕೆಲವರಿಗೆ ಕೇಳಿಸುತ್ತದೆ ಆದರೆ ಬರೆಯುವಾಗ ಹೊಟ್ಟೆ ಸೀಳಲು ಮರೆಯುತ್ತಾರೆ ಅಂತ ಅವನಿಗೆ ಕಂಡಿತು. ಎರಡಕ್ಕೂ ಮದ್ದು ಬೇರೆ. ನನಗೆ ಆ ದಿನ ತುಂಬಾ ಖುಷಿಯಾಯಿತು.

ಇಬ್ಬರು ಮಕ್ಕಳನ್ನು ಆರಿಸಿಕೊಳ್ಳುವ ಆ ಪದ್ಧತಿ ಇದೆಯಲ್ಲಾ, ಅದನ್ನು ನೀವು ಇಲ್ಲೂ ಮಾಡಿ ಅಂತ ನನ್ನ ಬೇಡಿಕೆ. ಯಾರೂ ಕೇಳದಿದ್ದರೂ ಮಾಡಿ. ಜಗಳೂರು, ಮೊಳಕಾಲ್ಮುರು ಕಡೆ ಶಾಲೆಗೆ ಹೋಗುವವರಿಗೆ ಒಂದು ಮಗು ಸಿಕ್ಕೇ ಸಿಗುತ್ತದೆ, ಅಪ್ಪ ಅಮ್ಮನ ಜೊತೆ ಮಲೆನಾಡಿನ ತೋಟದ ಕೆಲಸಕ್ಕೆ ಹೋಗಿ ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡು ಬಂದಿರುವ ಮಗು. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರು. ಅದನ್ನು ಆರಿಸಿಕೊಳ್ಳಿ. ವಾಪಸ್ ಬಂದ ದಿನ ಪಾಠ ಎಲ್ಲಿಗೆ ಬಂದಿತ್ತು, ಅದಕ್ಕೆ ಎಲ್ಲಿಂದ ಶುರು ಮಾಡಿದಿರಿ ಅಂತ ಬರೆಯಿರಿ. ಇದಕ್ಕೆ ಯಾವ ಸೀನಿಯರ್ ರೆಕಾರ್ಡ್‌ನಲ್ಲೂ ಮಾದರಿ ಇಲ್ಲ.

ಮೊಬೈಲ್ ಆ್ಯಪ್ ಬಗ್ಗೆ ಎರಡು ಮಾತು. ಈಗ ಸೀನಿಯರ್ ರೆಕಾರ್ಡ್ ಕೂಡ ಬೇಡ, ಎಐಗೆ ‘ಎಂಟನೇ ತರಗತಿ, ನೀರಾವರಿ, 5ಇ ಮಾದರಿ ಪಾಠ ಯೋಜನೆ’ ಅಂದರೆ ಒಂದು ನಿಮಿಷದಲ್ಲಿ ಕೊಡುತ್ತದೆ. ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಅಂತ ಐದೂ ಹಂತ ನೀಟಾಗಿ ಇರುತ್ತದೆ. ಅದೂ ಒಂದು ಮಾದರಿ ಉತ್ತರವೇ. ಅದಕ್ಕೂ ಇದೇ ನಿಯಮ. ನಿಮ್ಮದು ಮೊದಲು, ಅದು ಆಮೇಲೆ. ನಿಮ್ಮ ಊರಲ್ಲಿ ಚಾನಲ್ ಇದೆಯೋ ಟ್ಯಾಂಕರ್ ಬರುತ್ತದೋ ಅಂತ ಅದಕ್ಕೆ ನೀವೇ ಹೇಳಬೇಕು, ಹೇಳಬೇಕಾದರೆ ನೀವು ಮೊದಲು ತಿಳಿದಿರಬೇಕು.

ಆಮೇಲೆ ಪ್ರಶ್ನೆಗಳು ಬಂದವು.

ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, ‘ಮೇಡಂ, ಪಾಠ ಸರಿಯಾಗಿ ಆಗಲಿಲ್ಲ ಅಂತ ರೆಕಾರ್ಡ್‌ನಲ್ಲಿ ಹಾಗೇ ಬರೆದರೆ ನಮ್ಮ ಅಂಕ ಕಡಿಮೆ ಆಗಲ್ವಾ?’ ಅಂತ ಕೇಳಿದರು. ಎಲ್ಲರ ಮನಸ್ಸಿನಲ್ಲೂ ಇದ್ದ ಪ್ರಶ್ನೆ ಇದು. ಆಗಬಹುದು, ಅಂದೆ. ಎಲ್ಲ ಪರೀಕ್ಷಕರೂ ಒಂದೇ ತರ ಇರಲ್ಲ, ನೀಟಾದ ಪುಸ್ತಕ ನೋಡಿ ಅಂಕ ಹಾಕುವವರೂ ಇದ್ದಾರೆ, ನಿಮಗೆ ಸುಳ್ಳು ಹೇಳಲ್ಲ. ಆದರೆ ‘ಪಾಠ ಕೆಟ್ಟಿತು’ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಯಾವ ಜಾಗದಲ್ಲಿ ಕೆಟ್ಟಿತು, ಮಗು ಏನು ಬರೆಯಿತು, ಮರುದಿನ ನೀವು ಏನು ಬದಲಿಸಿದಿರಿ, ಬದಲಿಸಿದ ಮೇಲೆ ಅದೇ ಮಗು ಏನು ಬರೆಯಿತು, ಈ ನಾಲ್ಕನ್ನೂ ಇಟ್ಟು ಜೊತೆಗೆ ಆ ಎರಡು ಹಾಳೆಗಳ ಜೆರಾಕ್ಸ್ ಅಂಟಿಸಿ. ಅದನ್ನು ನೋಡಿದ ಮೇಲೂ ಅಂಕ ಕಡಿಮೆ ಮಾಡುವ ಪರೀಕ್ಷಕರನ್ನು ನಾನು ಇದುವರೆಗೆ ಕಂಡಿಲ್ಲ.

ಇನ್ನೊಬ್ಬರು ವಿಡಿಯೋ ಬಗ್ಗೆ ಕೇಳಿದರು. ನಮ್ಮಲ್ಲಿ ಕಡ್ಡಾಯ ಇಲ್ಲದಿದ್ದರೂ ಒಂದು ಪಾಠ ರೆಕಾರ್ಡ್ ಮಾಡಿಕೊಂಡು ನೋಡಬಹುದಾ ಅಂತ. ಖಂಡಿತ. ಮುಖ್ಯ ಶಿಕ್ಷಕರನ್ನು ಕೇಳಿ, ಮಕ್ಕಳ ಮನೆಯವರ ಒಪ್ಪಿಗೆ ತಗೊಳ್ಳಿ. ಅದನ್ನು ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ, ಸ್ಟೇಟಸ್‌ಗೆ ಇಡಲೇಬೇಡಿ. ನೋಡುವಾಗ ಮೊದಲ ಸಲ ಧ್ವನಿ ನಿಲ್ಲಿಸಿ ಬರೀ ಮಕ್ಕಳನ್ನು ನೋಡಿ. ನೀವು ಯಾವ ಕಡೆ ಮುಖ ಮಾಡಿ ನಿಲ್ಲುತ್ತೀರಿ, ಯಾವ ಮೂಲೆಗೆ ಒಂದು ಪ್ರಶ್ನೆಯೂ ಹೋಗಲಿಲ್ಲ ಅಂತ ಗೊತ್ತಾಗುತ್ತದೆ. ಎರಡನೇ ಸಲ ಧ್ವನಿ ಹಾಕಿ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾಯುತ್ತೀರಿ ಎಣಿಸಿ. ನನ್ನದನ್ನು ನಾನೇ ಎಣಿಸಿದಾಗ ಒಂದು ಸೆಕೆಂಡ್ ಕೂಡ ಕಾಯುತ್ತಿರಲಿಲ್ಲ.

ಎಷ್ಟು ಮಾದರಿ ಓದಬೇಕು ಅಂತಲೂ ಕೇಳಿದರು. ಒಂದು ಪ್ರಶ್ನೆಗೆ ಎರಡು, ಒಂದು ಚೆನ್ನಾಗಿರುವುದು, ಒಂದು ಅಲ್ಲದ್ದು. ಓದಿದ ಮೇಲೆ ಮಡಚಿ ಒಳಗಿಡಿ. ಒಂದು ರಾತ್ರಿ ಕಳೆಯಲಿ. ಬೆಳಗ್ಗೆ ಎದ್ದು ನಿಮ್ಮ ಕರಡು ತಿದ್ದಿ, ಆಗ ಮಾದರಿ ಮತ್ತೆ ತೆರೆಯಬೇಡಿ.

ಎಲ್ಲ ಮುಗಿದು ಟೀ ಕುಡಿಯುವಾಗ ಮೆಟ್ಟಿಲ ಮೇಲೆ ಫೋಟೋ ತೆಗೆಯುತ್ತಿದ್ದ ಆ ಮೂವರು ಹತ್ತಿರ ಬಂದರು. ಒಬ್ಬಳಿಗೆ ಜಗಳೂರು ಕಡೆಯ ಶಾಲೆಯೇ ಸಿಕ್ಕಿದೆಯಂತೆ. ‘ಫೋಟೋ ಡಿಲೀಟ್ ಮಾಡಲಾ ಮೇಡಂ?’ ಅಂದಳು. ಬೇಡಮ್ಮಾ, ಇಟ್ಟುಕೋ, ಮೊದಲ ವಾರ ಮಾತ್ರ ತೆರೆಯಬೇಡ ಅಂದೆ. ಶಾಲೆಗೆ ಹೋಗು, ಮಕ್ಕಳ ಜೊತೆ ಊರಲ್ಲಿ ಒಂದು ಸುತ್ತು ನಡೆದು ಬಾ, ಕಂಡಿದ್ದನ್ನು ಒಂದು ಪುಟ ಬರೆ, ಆಮೇಲೆ ಆ ರೆಕಾರ್ಡ್ ಪಕ್ಕ ಇಟ್ಟು ನೋಡು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಈಗ ಅಲ್ಲಿ ಚಾನಲ್ ಬಂದಿರಬಹುದಾ ಮೇಡಂ? ಭದ್ರಾ ಮೇಲ್ದಂಡೆ ನೀರಾವರಿ ಕೆಲಸ ನಡೀತಿದೆಯಲ್ಲಾ’ ಅಂದಳು.

ನಾನೂ ಆ ಕಡೆ ಹೋಗಿ ಬಹಳ ದಿನ ಆಯಿತು. ನೀನೇ ಮಕ್ಕಳನ್ನು ಕೇಳಿ ಬಂದು ನನಗೆ ಹೇಳು, ಅಂದೆ.